ಪಾಸಾದರೂ ಸೀಟು ಸಿಗದ ಪೈಲಟ್

ಯೂಜೀನ್ ಬುಲ್ಲಾರ್ಡ್ ಎಂಬ ಹೆಸರು ನಿಮ್ಮಲ್ಲಿ ಕೆಲವರ ಮೊಬೈಲಿಗೆ ಈಗಾಗಲೇ ಬಂದಿರಬಹುದು. ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಅದು ಬಂದದ್ದು ಪರೀಕ್ಷೆಗೆ ಒಂದು ತಿಂಗಳಿರುವಾಗ. ಸಮವಸ್ತ್ರ ತೊಟ್ಟ ಕಪ್ಪು ವರ್ಣದ ಯುವಕನ ಹಳೆಯ ಚಿತ್ರ, ಅದರ ಕೆಳಗೆ ಆರೇಳು ಸಾಲು. ಅಮೆರಿಕದ ಬಡ ಮನೆಯಲ್ಲಿ ಹುಟ್ಟಿದ, ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟ, ಹಡಗಿನಲ್ಲಿ ಅಡಗಿ ಕುಳಿತು ಯುರೋಪಿಗೆ ಹೋದ, ಛಲ ಬಿಡದೆ ದುಡಿದು ಜಗತ್ತಿನ ಮೊದಲ ಕಪ್ಪು ಯುದ್ಧವಿಮಾನ ಪೈಲಟ್ ಆದ. ಕೊನೆಯ ಸಾಲು, ‘ಮನಸ್ಸಿದ್ದರೆ ಮಾರ್ಗ’. ಅದರ ಪಕ್ಕದಲ್ಲಿ ಮೂರು ಬೆಂಕಿ ಚಿಹ್ನೆ.

ನಾನು ಕಲಾ ವಿಭಾಗದವಳು, ಇತಿಹಾಸ ನನ್ನ ಇಷ್ಟದ ವಿಷಯ. ಹಾಗಾಗಿ ಈ ಮನುಷ್ಯ ಯಾರು ಎಂದು ಓದುತ್ತಾ ಹೋದೆ. ಓದಿದಷ್ಟೂ ಆ ಸಂದೇಶದ ಮೇಲೆ ಸಿಟ್ಟು ಬಂತು. ಅದರಲ್ಲಿ ಇರುವುದು ಬಹುಪಾಲು ನಿಜವೇ. ಆದರೆ ಕಥೆಯನ್ನು 1917ಕ್ಕೆ ನಿಲ್ಲಿಸಿಬಿಟ್ಟಿದ್ದಾರೆ. ಬುಲ್ಲಾರ್ಡ್ ಬದುಕಿದ್ದು 1961ರವರೆಗೆ. ಉಳಿದ 44 ವರ್ಷ ಎಲ್ಲಿ ಹೋಯಿತು? ಆ ವರ್ಷಗಳನ್ನು ಸೇರಿಸಿ ಹೇಳಿದರೆ ‘ಮನಸ್ಸಿದ್ದರೆ ಮಾರ್ಗ’ ಎಂಬ ಸಾಲನ್ನು ಕೊನೆಗೆ ಅಂಟಿಸಲು ಆಗುವುದಿಲ್ಲ. ಬಿಟ್ಟುಹೋದದ್ದಕ್ಕೆ ಕಾರಣ ಅದೇ ಇರಬೇಕು ಎಂದು ನನ್ನ ಅನುಮಾನ.

ಮೊದಲಿನಿಂದ ಹೇಳುತ್ತೇನೆ. ಬುಲ್ಲಾರ್ಡ್ ಹುಟ್ಟಿದ್ದು 1895ರ ಅಕ್ಟೋಬರ್ 9ರಂದು, ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಮೂವತ್ತು ವರ್ಷವಾಗಿತ್ತು. ಆದರೆ ಕಪ್ಪು ಜನರನ್ನು ಬಿಳಿಯರ ಗುಂಪುಗಳು ಹಿಡಿದು ಮರಕ್ಕೆ ನೇತುಹಾಕುವುದು ಆ ಭಾಗದಲ್ಲಿ ನಡೆದೇ ಇತ್ತು. ಹುಡುಗನಿಗೆ ಆರೇಳು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ತಂದೆ ವಿಲಿಯಂ ಕೂಲಿ ಕೆಲಸದವರು. ಕೆಲಸದ ಜಾಗದಲ್ಲಿ ಬಿಳಿಯ ಮೇಲ್ವಿಚಾರಕ ಹೊಡೆದಾಗ ಅವರು ತಿರುಗಿ ಹೊಡೆದರು. ಅಷ್ಟಕ್ಕೇ ಒಂದು ರಾತ್ರಿ ಗುಂಪು ಮನೆ ಬಾಗಿಲಿಗೆ ಬಂತು. ದೀಪ ಆರಿಸಿ, ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕತ್ತಲಲ್ಲಿ ಕುಳಿತಿದ್ದರು. ಆ ಮಕ್ಕಳಲ್ಲಿ ಯೂಜೀನ್ ಒಬ್ಬ.

ಫ್ರಾನ್ಸ್ ಎಂಬ ದೇಶವಿದೆ, ಅಲ್ಲಿ ಕಪ್ಪು ಮನುಷ್ಯನನ್ನೂ ಮನುಷ್ಯ ಎಂದೇ ನೋಡುತ್ತಾರೆ ಎಂದು ತಂದೆ ಮಕ್ಕಳಿಗೆ ಹೇಳುತ್ತಿದ್ದರಂತೆ. ಆ ಮಾತೇ ಹುಡುಗನ ತಲೆಯಲ್ಲಿ ಉಳಿಯಿತು. ಹನ್ನೊಂದರ ಆಸುಪಾಸಿನಲ್ಲಿ ಮನೆ ಬಿಟ್ಟು ಓಡಿದ. ಕೆಲವು ವರ್ಷ ಅಲೆಮಾರಿ ಜಿಪ್ಸಿಗಳ ಜೊತೆ ಕುದುರೆ ನೋಡಿಕೊಳ್ಳುತ್ತಾ ಜಾರ್ಜಿಯಾದಲ್ಲೇ ಸುತ್ತಿದ. 1912ರಲ್ಲಿ ನಾರ್ಫೋಕ್ ಬಂದರಿನಲ್ಲಿ ಒಂದು ಜರ್ಮನ್ ಸರಕು ಹಡಗಿನೊಳಗೆ ನುಸುಳಿದ. ಆ ಹಡಗು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅವನನ್ನು ಇಳಿಸಿಹೋಯಿತು. ಹೊಟ್ಟೆಪಾಡಿಗೆ ಬೀದಿಯಲ್ಲಿ ಸಿಕ್ಕಿದ ಕೆಲಸ, ನಾಟಕ ಮಂಡಳಿಯಲ್ಲಿ ಹಾಸ್ಯದ ಪಾತ್ರ, ಆಮೇಲೆ ಬಾಕ್ಸಿಂಗ್. 1913ರ ನವೆಂಬರ್‌ನಲ್ಲಿ ಒಂದು ಪಂದ್ಯಕ್ಕೆಂದು ಪ್ಯಾರಿಸ್ಸಿಗೆ ಹೋದವನಿಗೆ ಅಪ್ಪ ಹೇಳಿದ ದೇಶ ಸಿಕ್ಕಿದಂತಾಯಿತು. ಹೆಚ್ಚು ತಡಮಾಡದೆ ಅಲ್ಲೇ ನೆಲೆಸಿದ.

ಇಲ್ಲಿಂದ ಮುಂದೆ ‘ಅವರು’ ಎನ್ನುತ್ತೇನೆ. ಯುದ್ಧಕ್ಕೆ ಹೋದ ಮನುಷ್ಯನನ್ನು ಏಕವಚನದಲ್ಲಿ ಕರೆಯಲು ನನಗೆ ಮನಸ್ಸಿಲ್ಲ.

ಮೊದಲ ಮಹಾಯುದ್ಧವನ್ನು ನಾವು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ಕಾರಣಗಳು, ಪರಿಣಾಮಗಳು, ವರ್ಸೇಲ್ಸ್ ಒಪ್ಪಂದ. ಹತ್ತು ಅಂಕದ ಪ್ರಶ್ನೆಗೆ ಅದು ಸಾಕು. ಕಂದಕದೊಳಗೆ ಕುಳಿತಿದ್ದವರ ಹೆಸರು ಅದರಲ್ಲಿ ಬರುವುದಿಲ್ಲ. ಬುಲ್ಲಾರ್ಡ್ 1914ರ ಅಕ್ಟೋಬರ್‌ನಲ್ಲಿ, ಹತ್ತೊಂಬತ್ತು ತುಂಬಿದ ತಿಂಗಳಲ್ಲೇ, ಫ್ರಾನ್ಸಿನ ಫಾರಿನ್ ಲೀಜನ್ ಸೇರಿದರು. ವಿದೇಶಿಯರಿಗಾಗಿಯೇ ಇರುವ ಸೇನಾದಳ ಅದು. ಅವರ ಸ್ವಂತ ದೇಶ ಆಗ ಯುದ್ಧದಲ್ಲೇ ಇರಲಿಲ್ಲ. 1915ರಲ್ಲಿ ಆರ್ತ್ವಾ, ಶಾಂಪೇನ್ ಪ್ರದೇಶಗಳಲ್ಲಿ ಹೋರಾಡಿದರು. ನಂತರ ಅವರನ್ನು 170ನೇ ಕಾಲಾಳು ರೆಜಿಮೆಂಟಿಗೆ ಸೇರಿಸಿದರು. ‘ಸಾವಿನ ಅಂಬರಗುಬ್ಬಿಗಳು’ ಎಂದು ಕನ್ನಡದಲ್ಲಿ ಹೇಳಬಹುದಾದ ಅಡ್ಡಹೆಸರು ಆ ರೆಜಿಮೆಂಟಿಗಿತ್ತು.

1916ರ ಫೆಬ್ರವರಿಯಲ್ಲಿ ವರ್ಡನ್ ಕದನ ಶುರುವಾಯಿತು. ಹತ್ತು ತಿಂಗಳು ನಡೆದ ಆ ಒಂದೇ ಕದನದಲ್ಲಿ ಎರಡೂ ಕಡೆ ಸೇರಿ ಸತ್ತವರು ಸುಮಾರು 3 ಲಕ್ಷ ಜನ. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಬುಲ್ಲಾರ್ಡ್ ಅವರ ತೊಡೆ ಸೀಳಿಹೋಯಿತು. ಲಿಯೋನ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ. ಶೌರ್ಯಕ್ಕಾಗಿ ‘ಕ್ರ್ವಾ ದ ಗೇರ್’ ಪದಕ ಬಂತು. ಇನ್ನು ಕಾಲಾಳುಪಡೆಗೆ ಈ ಕಾಲು ಆಗದು ಎಂದು ವೈದ್ಯರು ಹೇಳಿದರು. ಯಾರಾದರೂ ಅಲ್ಲಿಗೆ ನಿಲ್ಲಿಸಬಹುದಿತ್ತು. ಪಿಂಚಣಿ ಪಡೆದು ಪ್ಯಾರಿಸ್ಸಿನಲ್ಲಿ ಕೂರಬಹುದಿತ್ತು. ಅವರು ವಿಮಾನ ಹಾರಿಸುತ್ತೇನೆ ಎಂದರು. ನಿನ್ನಿಂದಾಗದು ಎಂದ ಸ್ನೇಹಿತನೊಬ್ಬನ ಜೊತೆ 2,000 ಡಾಲರ್ ಪಂದ್ಯ ಕಟ್ಟಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ಪಂದ್ಯ ಕಟ್ಟುವುದನ್ನು ನಾನು ಬೆಂಬಲಿಸುತ್ತಿಲ್ಲ, ನಡೆದದ್ದನ್ನು ಹೇಳಿದೆ ಅಷ್ಟೆ.

ಆ ಕಾಲದ ತರಬೇತಿ ಕೇಳಿದರೆ ನಗು ಬರುತ್ತದೆ, ಭಯವೂ ಆಗುತ್ತದೆ. ಫ್ರಾನ್ಸಿನ ಕೆಲವು ಶಾಲೆಗಳಲ್ಲಿ ಮೊದಲು ರೆಕ್ಕೆ ಕತ್ತರಿಸಿದ ವಿಮಾನ ಕೊಡುತ್ತಿದ್ದರು. ಅದು ಹಾರುವುದಿಲ್ಲ, ಮೈದಾನದ ತುಂಬ ಓಡುತ್ತದೆ, ಅದಕ್ಕೆ ಪೆಂಗ್ವಿನ್ ಎಂದೇ ಹೆಸರು. ಅದನ್ನು ನೇರ ಓಡಿಸಲು ಕಲಿತವನಿಗೆ ನಿಜವಾದ ವಿಮಾನ. ಬುಲ್ಲಾರ್ಡ್ ಮೊದಲು ವಿಮಾನದ ಬಂದೂಕುಗಾರನಾಗಿ ಸೇರಿ, ಆಮೇಲೆ ಪೈಲಟ್ ತರಬೇತಿಗೆ ಬದಲಾಯಿಸಿಕೊಂಡರು. 1917ರ ಮೇ 5ರಂದು ಫ್ರಾನ್ಸಿನ ಏರೋ ಕ್ಲಬ್ ಅವರಿಗೆ ಲೈಸೆನ್ಸ್ ಕೊಟ್ಟಿತು. ಸಂಖ್ಯೆ 6950. ಆ ಸಂಖ್ಯೆಯನ್ನು ಬೇಕೆಂದೇ ಬರೆಯುತ್ತಿದ್ದೇನೆ. ಮುಂದೆ ಬರುವ ವಿಷಯಕ್ಕೆ ಅದು ಬೇಕು.

ಆಗಸ್ಟ್‌ನಲ್ಲಿ ಯುದ್ಧವಿಮಾನಗಳ 93ನೇ ಸ್ಕ್ವಾಡ್ರನ್‌ಗೆ ಹೋದರು, ನಂತರ 85ನೆಯದಕ್ಕೆ. ಸ್ಪ್ಯಾಡ್ ಎಂಬ ಒಬ್ಬರೇ ಕೂರುವ ವಿಮಾನ. ತಲೆಯ ಮೇಲೆ ಮುಚ್ಚಳವಿಲ್ಲ, ಬೆನ್ನಿಗೆ ಪ್ಯಾರಾಶೂಟ್ ಇಲ್ಲ. ಬೆಂಕಿ ಹತ್ತಿದರೆ ಹಾರಿಕೊಳ್ಳುವ ಉಪಾಯವಿಲ್ಲ. ಸೆಪ್ಟೆಂಬರ್‌ನಲ್ಲಿ ವರ್ಡನ್ ಮೇಲೆ ಹಾರಿದರು. ಒಂದೂವರೆ ವರ್ಷದ ಹಿಂದೆ ಕೆಸರಿನಲ್ಲಿ ತೆವಳಿದ ನೆಲವನ್ನೇ ಈಗ ಮೋಡದ ಎತ್ತರದಿಂದ ನೋಡಿದರು. ಜಿಮ್ಮಿ ಎಂಬ ಪುಟ್ಟ ಕೋತಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಹಾರುತ್ತಿದ್ದರು. ವಿಮಾನದ ಮೇಲೆ, ಕಠಾರಿ ಚುಚ್ಚಿದ ಹೃದಯದ ಚಿತ್ರವೂ ‘ಹರಿಯುವ ರಕ್ತವೆಲ್ಲ ಕೆಂಪು’ ಎಂಬ ಅರ್ಥದ ಫ್ರೆಂಚ್ ಮಾತೂ ಇದ್ದವು ಎನ್ನುತ್ತಾರೆ.

20ಕ್ಕೂ ಹೆಚ್ಚು ಬಾರಿ ಕಾರ್ಯಾಚರಣೆಗೆ ಹಾರಿದರು. ಎರಡು ಶತ್ರು ವಿಮಾನ ಉರುಳಿಸಿದರು ಎಂದು ಕೆಲವು ಕಡೆ ಬರೆದಿರುತ್ತಾರೆ. ಅಧಿಕೃತವಾಗಿ ಒಂದೂ ದೃಢಪಟ್ಟಿಲ್ಲ. ಬಿದ್ದ ವಿಮಾನವನ್ನು ಬೇರೆ ಯಾರಾದರೂ ಕಂಡು ಸಾಕ್ಷಿ ಹೇಳದೆ ಫ್ರೆಂಚರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನಾವು ಎರಡು ಎಂದು ಸೇರಿಸಿ ಅವರನ್ನು ದೊಡ್ಡವರನ್ನಾಗಿ ಮಾಡಬೇಕಾದ ಅಗತ್ಯವಿಲ್ಲ. ಹಾಗೆಯೇ ‘ಜಗತ್ತಿನ ಮೊದಲ’ ಎಂಬ ಪದವೂ. ಜಮೈಕಾದ ವಿಲಿಯಂ ರಾಬಿನ್ಸನ್ ಕ್ಲಾರ್ಕ್ ಬ್ರಿಟಿಷ್ ಪಡೆಯಲ್ಲಿ ಅದೇ ವರ್ಷದ ಏಪ್ರಿಲ್‌ನಲ್ಲೇ ಪೈಲಟ್ ಆಗಿದ್ದರು. ಒಟ್ಟೋಮನ್ ಸೇನೆಯಲ್ಲಿ ಇಜ್ಮಿರ್‌ನ ಅಹ್ಮದ್ ಅಲಿ ಎಂಬ ಆಫ್ರಿಕನ್ ಮೂಲದ ಪೈಲಟ್ ಇದ್ದರು. ಮೊದಲಿಗರು ಯಾರು ಎಂಬುದು ನಮ್ಮ ಕ್ವಿಜ್ ತಂಡಕ್ಕೆ ಬಿಟ್ಟ ವಿಷಯ. ಅಮೆರಿಕದ ಕಪ್ಪು ಜನರಲ್ಲಿ ಯುದ್ಧವಿಮಾನ ಹಾರಿಸಿದ ಮೊದಲಿಗರು ಬುಲ್ಲಾರ್ಡ್ ಎನ್ನುವುದು ಮಾತ್ರ ಖಚಿತ.

ಈಗ ವಾಟ್ಸ್‌ಆ್ಯಪ್ ಸಂದೇಶ ಮುಗಿಯುವ ಜಾಗಕ್ಕೆ ಬಂದೆವು. ಪೈಲಟ್ ಆದರು, ಹಾರಿದರು, ಶುಭಂ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಅದರ ಬಳಿ ಯುದ್ಧದ ಅನುಭವ ಇದ್ದ ಪೈಲಟ್‌ಗಳೇ ಇರಲಿಲ್ಲ. ಆದರೆ ಫ್ರೆಂಚ್ ಪಡೆಯಲ್ಲಿ ಸ್ವಯಂಸೇವಕರಾಗಿ ಹಾರುತ್ತಿದ್ದ ಅಮೆರಿಕನ್ನರು ಇದ್ದರು. ಅವರನ್ನು ಕರೆದು, ವೈದ್ಯಕೀಯ ಪರೀಕ್ಷೆ ಮಾಡಿ, ಅಧಿಕಾರಿ ದರ್ಜೆ ಕೊಟ್ಟು ತನ್ನ ವಾಯುದಳಕ್ಕೆ ಸೇರಿಸಿಕೊಳ್ಳತೊಡಗಿತು. ಬುಲ್ಲಾರ್ಡ್ ಕೂಡ ಅರ್ಜಿ ಹಾಕಿದರು. ಪರೀಕ್ಷೆಗೆ ಹೋದರು. ಅವರೇ ಬರೆದುಕೊಂಡಿರುವ ಪ್ರಕಾರ, ನಿನ್ನ ಪಾದ ಚಪ್ಪಟೆಯಾಗಿದೆ ಎಂದರಂತೆ. ಅದೇ ಪಾದದಲ್ಲಿ ಕಾಲಾಳುಪಡೆಯಲ್ಲಿ ನಡೆದಿದ್ದೇನೆ ಎಂದರು. ಗಂಟಲಿನ ಟಾನ್ಸಿಲ್ ದೊಡ್ಡದಿದೆ ಎಂದರಂತೆ. ನಾನು ಸಂಗೀತಗಾರನಲ್ಲವಲ್ಲ ಎಂದರು. ಕೊನೆಗೆ ವೈದ್ಯರು ಪಾಸು ಮಾಡಲೇಬೇಕಾಯಿತು.

ಪಾಸಾದರು. ಆಮೇಲೆ ಏನೂ ಆಗಲಿಲ್ಲ. ಜೊತೆಯ ಬಿಳಿಯ ಪೈಲಟ್‌ಗಳಿಗೆ ಒಬ್ಬೊಬ್ಬರಿಗೇ ಆದೇಶ ಬಂತು. ಅವರಿಗೆ ಬರಲಿಲ್ಲ. ತಿರಸ್ಕರಿಸಿದ್ದೇವೆ ಎಂಬ ಪತ್ರವೂ ಬರಲಿಲ್ಲ. ಅಮೆರಿಕದ ವಾಯುದಳಕ್ಕೆ ಬಿಳಿಯರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು, ಆದರೆ ಅದನ್ನು ಅವರ ಮುಖಕ್ಕೆ ಹೇಳುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಲೈಸೆನ್ಸ್ 6950 ಅವರ ಜೇಬಿನಲ್ಲಿತ್ತು, ಪದಕ ಎದೆಯ ಮೇಲಿತ್ತು, ಯುದ್ಧದಲ್ಲಿ ಹಾರಿದ ಅನುಭವವಿತ್ತು. ಬೇಕಿದ್ದ ಅರ್ಹತೆಗಳಲ್ಲಿ ಯಾವುದು ಕಡಿಮೆ ಇತ್ತು ಹೇಳಿ? ಯಾವ ಛಲ, ಯಾವ ಪರಿಶ್ರಮ ಇನ್ನಷ್ಟು ಬೇಕಿತ್ತು?

ಆ ವರ್ಷದ ಕೊನೆಯಲ್ಲಿ ಫ್ರೆಂಚ್ ಅಧಿಕಾರಿಯೊಬ್ಬನೊಂದಿಗೆ ಜಗಳವಾಗಿ, ಅವರನ್ನು ವಾಯುದಳದಿಂದ ತೆಗೆದು ಹಳೆಯ ರೆಜಿಮೆಂಟಿನ ಸಹಾಯಕ ಕೆಲಸಕ್ಕೆ ಹಾಕಿದರು. ಯುದ್ಧ ಮುಗಿಯುವವರೆಗೆ ಅಲ್ಲೇ. ಫ್ರಾನ್ಸ್ ಸ್ವರ್ಗವೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಅಮೆರಿಕದಿಂದ ಬಂದ ಒಬ್ಬ ಬಾಕ್ಸರ್‌ನನ್ನು ಅದು ಪ್ರೀತಿಯಿಂದ ನೋಡಿತು, ನಿಜ. ಆದರೆ ಸೆನೆಗಲ್, ಅಲ್ಜೀರಿಯಾ, ಮೊರಾಕ್ಕೊಗಳಿಂದ ಲಕ್ಷಗಟ್ಟಲೆ ಸೈನಿಕರನ್ನು ತಂದು ಅದೇ ಕಂದಕಗಳಲ್ಲಿ ನಿಲ್ಲಿಸಿತ್ತು. ವರ್ಡನ್ ಬಳಿಯ ಡುಆಮೊಂ ಸೈನಿಕ ಸ್ಮಶಾನದಲ್ಲಿ ಮುಸ್ಲಿಂ ಸೈನಿಕರ ಗೋರಿಗಳ ಪ್ರತ್ಯೇಕ ಭಾಗವೇ ಇದೆ, ಕಲ್ಲುಗಳು ಮಕ್ಕಾ ಕಡೆಗೆ ತಿರುಗಿವೆ. ಫ್ರಾನ್ಸಿಗಾಗಿ ಸಾಯಬಹುದಾಗಿದ್ದ ಅಲ್ಜೀರಿಯಾದ ಮುಸ್ಲಿಮನಿಗೆ ಪೂರ್ಣ ಪೌರತ್ವ ಬೇಕಿದ್ದರೆ ತನ್ನ ಧರ್ಮದ ವೈಯಕ್ತಿಕ ಕಾನೂನನ್ನು ಬಿಟ್ಟುಕೊಡಬೇಕಿತ್ತು. ಒಂದು ಬಾಗಿಲು ಒಬ್ಬರಿಗೆ ತೆರೆದಿದ್ದನ್ನು ನೋಡಿ ಇಡೀ ಮನೆಯನ್ನು ಹೊಗಳಬಾರದು.

ಇದೇ ಯುದ್ಧದಲ್ಲಿ ಬುಲ್ಲಾರ್ಡ್ ಅವರ ಕಥೆಗೆ ತೀರ ಹತ್ತಿರದ ಇನ್ನೊಂದು ಕಥೆ ಇದೆ, ಅದು ನಮ್ಮ ದೇಶದವರದ್ದು. ಹರ್ದಿತ್ ಸಿಂಗ್ ಮಲಿಕ್ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ವಿದ್ಯಾರ್ಥಿ. ಬ್ರಿಟಿಷ್ ವಾಯುದಳಕ್ಕೆ ಸೇರಬೇಕೆಂದರು, ಭಾರತೀಯ ಎಂಬ ಕಾರಣಕ್ಕೆ ಸಾಧ್ಯವಾಗಲಿಲ್ಲ. ಫ್ರಾನ್ಸಿಗೆ ಹೋಗಿ ರೆಡ್ ಕ್ರಾಸ್ ಆಂಬ್ಯುಲೆನ್ಸ್ ಓಡಿಸಿದರು. ಫ್ರೆಂಚ್ ವಾಯುದಳ ಅವರನ್ನು ತೆಗೆದುಕೊಳ್ಳಲು ಸಿದ್ಧವಾಯಿತು. ಆಗ ಆಕ್ಸ್‌ಫರ್ಡಿನ ಅವರ ಅಧ್ಯಾಪಕರೊಬ್ಬರು ಬ್ರಿಟಿಷ್ ಸೇನಾಪತಿ ಹೆಂಡರ್ಸನ್‌ಗೆ ಪತ್ರ ಬರೆದರು. ಬ್ರಿಟಿಷ್ ಪ್ರಜೆಯೊಬ್ಬನನ್ನು ಬ್ರಿಟನ್ ಬೇಡವೆಂದು ಫ್ರಾನ್ಸ್ ತೆಗೆದುಕೊಳ್ಳುವುದು ನಾಚಿಕೆಗೇಡು ಎಂಬುದು ಆ ಪತ್ರದ ತಾತ್ಪರ್ಯ. 1917ರಲ್ಲಿ ಮಲಿಕ್ ಬ್ರಿಟಿಷ್ ವಾಯುದಳದ ಅಧಿಕಾರಿಯಾದರು. ಪೇಟದ ಮೇಲೆ ಕೂರುವಂತೆ ವಿಶೇಷವಾಗಿ ಮಾಡಿಸಿದ ಹೆಲ್ಮೆಟ್ ಹಾಕಿಕೊಂಡು ಯುದ್ಧವಿಮಾನ ಹಾರಿಸಿದರು, ಕಾಲಿಗೆ ಗುಂಡು ತಿಂದರು, ಬದುಕಿ ಬಂದರು. ಸ್ವತಂತ್ರ ಭಾರತದ ರಾಯಭಾರಿಯಾಗಿ ಮತ್ತೆ ಫ್ರಾನ್ಸಿಗೇ ಹೋದರು.

ಇಬ್ಬರಲ್ಲೂ ಮನಸ್ಸಿತ್ತು. ಇಬ್ಬರಿಗೂ ಮೊದಲು ಬಾಗಿಲು ಮುಚ್ಚಿತ್ತು. ಮಲಿಕ್ ಅವರಿಗೆ ಪತ್ರ ಬರೆಯುವ ಒಬ್ಬ ಮೇಷ್ಟ್ರಿದ್ದರು, ಆ ಮೇಷ್ಟ್ರ ಪತ್ರವನ್ನು ಸೇನಾಪತಿ ಒಡೆದು ಓದುತ್ತಿದ್ದ. ಹನ್ನೊಂದಕ್ಕೆ ಶಾಲೆ ಬಿಟ್ಟ ಬುಲ್ಲಾರ್ಡ್ ಅವರಿಗಾಗಿ ಬರೆಯಲು ಯಾರಿದ್ದರು? ಈ ಪತ್ರಿಕೆಯನ್ನು ನಮ್ಮ ಉಪನ್ಯಾಸಕರೂ ಓದುತ್ತಾರೆಂದು ಗೊತ್ತು, ಆದ್ದರಿಂದ ಈ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. 1925ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜ್ ಒಂದು ವರದಿ ತಯಾರಿಸಿತು. ಕಪ್ಪು ಜನರಿಗೆ ಬುದ್ಧಿ ಕಡಿಮೆ, ಧೈರ್ಯ ಕಡಿಮೆ, ಕಷ್ಟದ ಯುದ್ಧಕಾರ್ಯಕ್ಕೆ ಅವರು ಸಲ್ಲರು ಎಂಬುದು ಅದರ ಸಾರ. ಬುಲ್ಲಾರ್ಡ್ ವರ್ಡನ್ ಮೇಲೆ ಹಾರಿ ಆಗ ಎಂಟು ವರ್ಷವಾಗಿತ್ತು. ಅವರ ಪಾಸಾದ ಅರ್ಜಿ ಅದೇ ಸೇನೆಯ ಕೈಗೆ ಹೋಗಿತ್ತು. ಅಂದರೆ ಸಾಕ್ಷಿ ಇಲ್ಲದೆ ಹೀಗೆ ಬರೆದದ್ದಲ್ಲ, ಸಾಕ್ಷಿಯನ್ನು ಒಳಗೆ ಬಿಟ್ಟುಕೊಳ್ಳದೆ ಬರೆದದ್ದು. ಮೊದಲು ಅವಕಾಶ ಕೊಡುವುದಿಲ್ಲ, ಆಮೇಲೆ ನಿಮ್ಮವರು ಯಾರೂ ಮಾಡಿ ತೋರಿಸಿಲ್ಲವಲ್ಲ ಎನ್ನುವುದು.

ಇದರ ಬೆಲೆ ಕೊಟ್ಟವರು ಮುಂದಿನವರು. ಬೆಂಜಮಿನ್ ಡೇವಿಸ್ ಎಂಬ ಕಪ್ಪು ಯುವಕ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ನಾಲ್ಕು ವರ್ಷ ಓದಿದರು. ಆ ನಾಲ್ಕೂ ವರ್ಷ ಸಹಪಾಠಿಗಳು ಕೆಲಸದ ಮಾತಿನ ಹೊರತು ಅವರೊಡನೆ ಮಾತಾಡಲಿಲ್ಲ, ಊಟದ ಮೇಜಿನಲ್ಲೂ ಒಂಟಿ. 1936ರಲ್ಲಿ ಪದವಿ ಪಡೆದು ವಾಯುದಳ ಕೇಳಿದರೆ, ಕಪ್ಪು ಜನರ ಸ್ಕ್ವಾಡ್ರನ್ನೇ ಇಲ್ಲ ಎಂಬ ಉತ್ತರ. 1941ರಲ್ಲಿ ಹೊರಗಿನ ಒತ್ತಡಕ್ಕೆ ಮಣಿದು ಅಲಬಾಮದ ಟಸ್ಕೀಗಿಯಲ್ಲಿ ಪ್ರತ್ಯೇಕ ತರಬೇತಿ ಶುರುವಾಯಿತು. ಸುಮಾರು ಸಾವಿರ ಪೈಲಟ್‌ಗಳು ಅಲ್ಲಿಂದ ಹೊರಬಂದರು, ಡೇವಿಸ್ ಅವರ ನಾಯಕರಾದರು. ಯುರೋಪಿನ ಆಕಾಶದಲ್ಲಿ ಅಮೆರಿಕದ ಬಾಂಬರ್ ವಿಮಾನಗಳನ್ನು ಕಾಯುವ ಕೆಲಸವನ್ನು ಅವರು ಮಾಡಿದ ರೀತಿಗೆ ಬಿಳಿಯ ಸಿಬ್ಬಂದಿಯೇ ತಲೆದೂಗಿದರು. ಬುಲ್ಲಾರ್ಡ್ ಹಾರಿ 24 ವರ್ಷದ ನಂತರ ಶುರುವಾದ ಶಾಲೆ ಅದು. ಆ 24 ವರ್ಷಗಳಲ್ಲಿ ಹಾರಬಹುದಾಗಿದ್ದವರು ಯಾರ ಲೆಕ್ಕದಲ್ಲೂ ಇಲ್ಲ.

ಬುಲ್ಲಾರ್ಡ್ ಅವರ ಮುಂದಿನ ಬದುಕನ್ನು ಬೇಗ ಹೇಳಿಬಿಡುತ್ತೇನೆ. ಪ್ಯಾರಿಸ್ಸಿನಲ್ಲೇ ಉಳಿದರು. ಜಾಝ್ ವಾದ್ಯಗೋಷ್ಠಿಯಲ್ಲಿ ಡ್ರಮ್ ಬಾರಿಸಿದರು, ಕ್ಲಬ್ ನಡೆಸಿದರು. ಅವರು ನೋಡಿಕೊಳ್ಳುತ್ತಿದ್ದ ಕ್ಲಬ್ಬಿನ ಅಡುಗೆಮನೆಯಲ್ಲಿ 1924ರಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗನೇ ಮುಂದೆ ದೊಡ್ಡ ಕವಿಯಾದ ಲ್ಯಾಂಗ್‌ಸ್ಟನ್ ಹ್ಯೂಸ್. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳು, ಮದುವೆ ಮುರಿಯಿತು. ಎರಡನೇ ಮಹಾಯುದ್ಧ ಹತ್ತಿರವಾದಾಗ ಫ್ರೆಂಚ್ ಗುಪ್ತಚರರು ಅವರ ನೆರವು ಕೇಳಿದರು. ಅವರಿಗೆ ಜರ್ಮನ್ ಭಾಷೆ ಬರುತ್ತಿತ್ತು. ಕ್ಲಬ್ಬಿಗೆ ಬರುತ್ತಿದ್ದ ಜರ್ಮನ್ನರು, ಈ ಕಪ್ಪು ಮನುಷ್ಯನಿಗೆ ನಮ್ಮ ಭಾಷೆ ಎಲ್ಲಿ ತಿಳಿಯುತ್ತದೆ ಎಂದುಕೊಂಡು ಅವರೆದುರೇ ಎಲ್ಲ ಮಾತಾಡುತ್ತಿದ್ದರು. ಕೀಳಾಗಿ ನೋಡುವವರ ಕಣ್ಣು ಎಷ್ಟು ಮಂಕಾಗಿರುತ್ತದೆ ನೋಡಿ. 1940ರಲ್ಲಿ ಜರ್ಮನ್ ಸೇನೆ ನುಗ್ಗಿದಾಗ 44 ವರ್ಷದ ಬುಲ್ಲಾರ್ಡ್ ಮತ್ತೆ ಬಂದೂಕು ಹಿಡಿದರು, ಬೆನ್ನಿಗೆ ಪೆಟ್ಟಾಯಿತು, ಸ್ಪೇನ್ ದಾಟಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಮಕ್ಕಳು ಆಮೇಲೆ ಬಂದು ಸೇರಿಕೊಂಡರು.

ತಾಯ್ನಾಡಿನಲ್ಲಿ ಅವರು ಮಾಡಿದ ಕೆಲಸಗಳು: ಬಂದರಿನಲ್ಲಿ ಹಮಾಲಿ, ಕಾವಲುಗಾರ, ಸುಗಂಧದ್ರವ್ಯ ಮಾರಾಟ, ಕೊನೆಗೆ ಲಿಫ್ಟ್ ಆಪರೇಟರ್. 1949ರಲ್ಲಿ ಪೀಕ್‌ಸ್ಕಿಲ್ ಎಂಬಲ್ಲಿ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಕಛೇರಿಗೆ ಹೋದಾಗ ಗಲಭೆಯಾಯಿತು. ಪೊಲೀಸರೂ ಸೇರಿದಂತೆ ಗುಂಪೊಂದು ಅವರನ್ನು ನೆಲಕ್ಕೆ ಕೆಡವಿ ಹೊಡೆಯಿತು. ಅದರ ಫೋಟೋ ಇದೆ, ಶಿಕ್ಷೆ ಯಾರಿಗೂ ಆಗಲಿಲ್ಲ. ಆದರೆ 1954ರಲ್ಲಿ ಫ್ರಾನ್ಸ್ ಅವರನ್ನು ಕರೆಸಿಕೊಂಡು ಅಜ್ಞಾತ ಸೈನಿಕನ ಸಮಾಧಿಯ ಜ್ಯೋತಿ ಬೆಳಗಿಸುವ ಗೌರವ ಕೊಟ್ಟಿತು. 1959ರಲ್ಲಿ ‘ಲೀಜನ್ ಆಫ್ ಆನರ್’ ಕೊಟ್ಟಿತು. ಆಗ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನಲ್ಲಿ ಲಿಫ್ಟ್ ನಡೆಸುತ್ತಿದ್ದರು. ಅದೇ ಕಟ್ಟಡದಲ್ಲಿ ಎನ್‌ಬಿಸಿ ಟೆಲಿವಿಷನ್ ಕಚೇರಿ ಇತ್ತು. ಆ ಡಿಸೆಂಬರ್‌ನಲ್ಲಿ ‘ಟುಡೇ’ ಕಾರ್ಯಕ್ರಮದವರು ಅವರನ್ನು ಸಂದರ್ಶನಕ್ಕೆ ಕರೆದರು. ಅವರು ಲಿಫ್ಟ್ ಸಮವಸ್ತ್ರದಲ್ಲೇ ಹೋಗಿ ಕುಳಿತರು. ದಿನವೂ ಮೇಲೆ ಕೆಳಗೆ ಕರೆದೊಯ್ಯುತ್ತಿದ್ದ ಮನುಷ್ಯ ಯಾರೆಂದು ಆ ಕಟ್ಟಡದ ಜನಕ್ಕೆ ತಿಳಿದದ್ದೇ ಆಗ. 1961ರ ಅಕ್ಟೋಬರ್ 12ರಂದು, 66 ತುಂಬಿದ ಮೂರನೇ ದಿನ ತೀರಿಕೊಂಡರು. ತಮ್ಮ ಬದುಕನ್ನು ಬರೆದಿಟ್ಟಿದ್ದರು, ಬದುಕಿರುವಾಗ ಅದು ಅಚ್ಚಾಗಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಈ ಮನುಷ್ಯನ ಕೈ ವರ್ಡನ್ನಿನ ಕೆಸರಿನಲ್ಲಿ ಮೊಣಕೈವರೆಗೆ ಹೋಗಿತ್ತು. ಮೊಸರನ್ನು ಬಡಿಸಿದವರು ಪರದೇಶದವರು.

ಈ ಲೇಖನದ ಕರಡು ಓದಿದ ವಿಜ್ಞಾನ ವಿಭಾಗದ ನನ್ನ ಗೆಳತಿ ಕೇಳಿದಳು, “ಹಾಗಾದ್ರೆ ಕಷ್ಟಪಟ್ಟು ಓದೋದೇ ಬೇಡ ಅಂತೀಯಾ? ನಾನು ನೀಟ್‌ಗೆ ಯಾಕೆ ಓದ್ಬೇಕು?” ಇಲ್ಲ ಕಣೇ, ಓದು. ಬುಲ್ಲಾರ್ಡ್ ತರಬೇತಿ ಪಡೆಯದಿದ್ದರೆ ಹಾರುತ್ತಿರಲೇ ಇಲ್ಲ. ನನ್ನ ತಕರಾರು ಓದಿನ ಮೇಲಲ್ಲ, ಲೆಕ್ಕದ ಮೇಲೆ. ಮನಸ್ಸಿದ್ದರೆ ಮಾರ್ಗ ಎಂದು ಬರೆದಾಗ, ಮಾರ್ಗ ಸಿಗದವನಿಗೆ ಮನಸ್ಸಿರಲಿಲ್ಲ ಎಂದೂ ಬರೆದಂತಾಗುತ್ತದೆ. ಮುಚ್ಚಿದ ಬಾಗಿಲಿನ ಹಿಂದೆ ನಿಂತವನ ಹೆಸರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅವನು ಆರಾಮವಾಗಿ ಮನೆಗೆ ಹೋಗುತ್ತಾನೆ.

ಇದು ನನಗೆ ಯಾಕೆ ಇಷ್ಟು ತಾಗಿತು ಎಂದರೆ, ನಮ್ಮ ಮನೆಯಲ್ಲೇ ಇಂಥದ್ದು ನೋಡಿದ್ದೇನೆ. ನನ್ನ ಆಪಾ ಬಿಕಾಂನಲ್ಲಿ ಕಾಲೇಜಿಗೆ ಎರಡನೆಯವಳು. ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಲಿಖಿತ ಪರೀಕ್ಷೆ ಕೊಟ್ಟರು, ಪಾಸಾದಳು. ಸಂದರ್ಶನದಲ್ಲಿ ಚೆನ್ನಾಗಿದೆ, ಫೋನ್ ಮಾಡುತ್ತೇವೆ ಎಂದರು. ಎರಡು ವಾರ ಅವಳು ಫೋನನ್ನು ಅಡುಗೆಮನೆಗೂ ಒಯ್ಯುತ್ತಿದ್ದಳು. ಕರೆ ಬರಲಿಲ್ಲ. ಅವಳ ಜೊತೆ ಪರೀಕ್ಷೆ ಬರೆದು ಕಡಿಮೆ ಅಂಕ ಪಡೆದ ಹುಡುಗಿ ಈಗ ಅಲ್ಲಿದ್ದಾಳೆ. ಕಾರಣ ಏನು ಎಂದು ಯಾರೂ ಹೇಳಲಿಲ್ಲ. ನಾನೂ ಊಹಿಸಿ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಆಮೇಲಿನ ಮಾತು. ಬಂದ ನೆಂಟರೆಲ್ಲ ಅಬ್ಬಾ ಎದುರು ಹೇಳಿದ್ದು ಒಂದೇ, “ಇನ್ನೂ ಸ್ವಲ್ಪ ಪ್ರಯತ್ನ ಪಡಬೇಕಿತ್ತು ಅವಳು.” ಆಪಾ ಅದನ್ನು ನಂಬಿಬಿಟ್ಟಳು. ಮತ್ತೆ ಇಂಗ್ಲಿಷ್ ಮಾತಾಡುವ ಕೋರ್ಸಿಗೆ ಸೇರಿದಳು. ಅವಳ ಇಂಗ್ಲಿಷಿಗೆ ಏನೂ ಆಗಿರಲಿಲ್ಲ.

ಅಮೆರಿಕ ಕೊನೆಗೂ ಬುಲ್ಲಾರ್ಡ್ ಅವರಿಗೆ ಆದೇಶ ಕೊಟ್ಟಿತು. 1994ರ ಆಗಸ್ಟ್ 23ರಂದು ಅವರನ್ನು ವಾಯುಪಡೆಯ ಸೆಕೆಂಡ್ ಲೆಫ್ಟಿನೆಂಟ್ ಎಂದು ನೇಮಿಸಿತು. ಅಧಿಕಾರಿಗಳಲ್ಲಿ ಅದು ಅತಿ ಕೆಳಗಿನ ದರ್ಜೆ. ಅವರು ತೀರಿಕೊಂಡು 33 ವರ್ಷವಾಗಿತ್ತು, ವೈದ್ಯಕೀಯ ಪರೀಕ್ಷೆ ಪಾಸಾಗಿ 77 ವರ್ಷ. 2019ರಲ್ಲಿ ಜಾರ್ಜಿಯಾದ ವಾಯುಯಾನ ವಸ್ತುಸಂಗ್ರಹಾಲಯದ ಮುಂದೆ ಪ್ರತಿಮೆಯನ್ನೂ ನಿಲ್ಲಿಸಿದರು. ಒಳ್ಳೆಯದೇ. ಸತ್ತವರಿಗೆ ಗೌರವ ಕೊಡಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಸತ್ತವರಿಗೆ ಸಂಬಳ ಕೊಡಬೇಕಾಗಿಲ್ಲ, ವಿಮಾನ ಕೊಡಬೇಕಾಗಿಲ್ಲ, ಅವರ ಕೈಕೆಳಗೆ ಬಿಳಿಯ ಸೈನಿಕರನ್ನು ನಿಲ್ಲಿಸಬೇಕಾಗಿಲ್ಲ. 77 ವರ್ಷ ಕಾದರೆ ಗೌರವ ಬಹಳ ಅಗ್ಗವಾಗಿ ಮುಗಿಯುತ್ತದೆ.

ಗ್ರಂಥಾಲಯದ ಹೊರಗಿನ ಭಿತ್ತಿಪತ್ರಿಕೆಯಲ್ಲಿ ಮುಂದಿನ ತಿಂಗಳು ‘ಸಾಧಕರು’ ವಿಷಯ ಎಂದು ಸೂಚನಾ ಫಲಕದಲ್ಲಿ ನೋಡಿದೆ. ಬುಲ್ಲಾರ್ಡ್ ಚಿತ್ರವನ್ನು ಯಾರೋ ಈಗಾಗಲೇ ತಂದುಕೊಟ್ಟಿದ್ದಾರಂತೆ, ಪೈಲಟ್ ಸಮವಸ್ತ್ರದ್ದು. ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೆ. ಅದನ್ನು ಹಾಕಿ, ಪಕ್ಕದಲ್ಲೇ ಲಿಫ್ಟ್ ಸಮವಸ್ತ್ರದ ಚಿತ್ರವನ್ನೂ ಹಾಕಿ. ಅಡಿಯಲ್ಲಿ ಪರೀಕ್ಷೆ ಪಾಸಾದ ವರ್ಷ 1917, ಆದೇಶ ಬಂದ ವರ್ಷ 1994 ಎಂದು ಬರೆಯಿರಿ. ಬರೆಯುವ ಕೆಲಸ ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ, ನನ್ನ ಅಕ್ಷರ ಸುಮಾರಾಗಿದೆ.